ಎಡಕ್ಕೆ ಓಡುವ ಅಜ್ಜಿ

ಫ್ಯಾನಿನ ಗಾಳಿಗೆ ಕಿಟಕಿಯ ಪರದೆ ಎದ್ದು ಬಿಸಿಲಿನ ಒಂದು ಪಟ್ಟಿ ನನ್ನ ಪಾದದ ಮೇಲೆ ಬಿತ್ತು, ಬಿಸಿ, ಕಾಲೆಳೆದುಕೊಂಡೆ, ಪುಟ ಇನ್ನೂ ತೆರೆಯುತ್ತಲೇ ಇದೆ, ಮೇಲೆ ನಮ್ಮ ಆಟದ ಬಗ್ಗೆ ಬರೆದ ಮೂರನೆಯ ವಿಮರ್ಶಕನ ಹೆಸರು, ಕೆಳಗೆ ಬರೀ ಬಿಳಿ, ಎರಡು ಸಾವಿರದ ಒಂಬತ್ತು ಬಂದರೂ ಹಾಸನದ ಇಂಟರ್ನೆಟ್ಟಿಗೆ ಎತ್ತಿನ ಗಾಡಿಯ ವೇಗವೇ — ಪಕ್ಕದ ಕಂಪ್ಯೂಟರಿನಲ್ಲಿ ರಜನೀಶಣ್ಣ ಆ ವಿಡಿಯೋ ಗೇಮನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ಸಿದ್ಧ ಮಾಡಿಕೊಂಡು ಕೂತಿದ್ದಾನೆ, ಸೈಬರ್ ಸೆಂಟರ್ ಅವನದು, ಆಟ ಇಬ್ಬರದು, ಅದರಲ್ಲಿ ಓಡುವ ಅಜ್ಜಿ ಅವನಿಗೂ ಅಜ್ಜಿಯೇ, ಆದರೂ ನನ್ನೊಬ್ಬಳವಳು ಅನ್ನಿಸುತ್ತದೆ. ಈತನೂ ನಕ್ರೆ ತಿರುಗ್ಸಿರೋದನ್ನೇ ಹಾಕ್ತೀನಿ ಕಣೆ ನಿಧಿ, ಆಮೇಲೆ ನೀನು ಅಡ್ಡ ಬರಂಗಿಲ್ಲ ಅಂದಿದ್ದ. ಆಗಲಿ ಅಂದುಬಿಟ್ಟಿದ್ದೇನೆ, ಯಾಕಾದರೂ ಅಂದೆನೋ.

ಮೊದಲು ಬರೆದ ಇಬ್ಬರೂ ನಕ್ಕರಲ್ಲ, ಲೋಕದ ಆಟಗಳೆಲ್ಲ ಎಡದಿಂದ ಬಲಕ್ಕೆ ಓಡಿದರೆ ಇದೊಂದು ಬಲದಿಂದ ಎಡಕ್ಕೆ, ಇವರು ಜನ್ಮದಲ್ಲಿ ವಿಡಿಯೋ ಗೇಮ್ ಕಂಡವರಲ್ಲವೇ ಎಂದು ಬರೆದರಲ್ಲ — ಕಾಣದೇ ಏನು, ತೊಂಬತ್ತೇಳರಲ್ಲಿ ಅಪ್ಪ ತಂದ ಟೀವಿ ಗೇಮು, ಕ್ಯಾಸೆಟ್ಟಿನ ತಳಕ್ಕೆ ಉಫ್ ಎಂದು ಊದಿ ಸಿಕ್ಕಿಸಿ, ರಿಮೋಟಿಗಾಗಿ ಅಣ್ಣನ ಜೊತೆ ಕಿತ್ತಾಡಿ, ಇಡೀ ರಜೆ ಬಲಕ್ಕೇ ಓಡಿದವಳು ನಾನು, ಆ ಚೌಕ ಚೌಕದ ಬಣ್ಣಗಳ ಹುಚ್ಚಿಗೇ ಈ ಆಟ ಕಟ್ಟಿದ್ದು. ಆದರೆ ಚಿತ್ರ ಬರೆಯಲು ಕೂತರೆ ಕೈ ಹೋದದ್ದು ಕೊರವಂಗಲಕ್ಕೆ, ಬೂಚೇಶ್ವರನ ಗುಡಿ, ಸುಡುಮಧ್ಯಾಹ್ನ, ಚಪ್ಪಲಿ ಬಿಟ್ಟು ಕಾಲಿಟ್ಟರೆ ಕಲ್ಲು ಕಾದ ಕಾವಲಿ, ನೀಲಗಂಗಮ್ಮಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕೈ ಹಿಡಿದು, ನಿಂತ್ರೆ ಸುಡ್ತದೆ ಮಗಾ, ಓಡು, ನೆಳ್ಳಿಂದ ನೆಳ್ಳಿಗೆ ಎಗರು — ಎಗರುತ್ತೇವೆ, ಗೋಡೆ ನಮ್ಮ ಬಲಕ್ಕೆ, ನನ್ನ ಮುಂದೆ ಅವಳ ಎತ್ತಿದ ಪಾದ, ಕೆಂಪು ಹಿಮ್ಮಡಿ. ಆಟವೂ ಅಷ್ಟೇ, ಅಜ್ಜಿ, ಕಲ್ಲು, ನೆರಳು, ಸುತ್ತು ಹೆಚ್ಚಿದಷ್ಟೂ ನೆರಳು ಕಿರಿದಾಗುತ್ತದೆ, ಅಜ್ಜಿ ಇನ್ನೂ ಜೋರಾಗಿ ಓಡಬೇಕು. ಗೋಡೆಗೆ ಎದುರಾಗಿ ನಿಂತು ನೋಡುವವರಿಗೆ ಪ್ರದಕ್ಷಿಣೆ ಬರುವವರು ಬಲದಿಂದ ಎಡಕ್ಕೇ ತಾನೇ ಹೋಗುವುದು, ಬರೆಯುವಾಗ ಇದು ಹೊಳೆಯಲೂ ಇಲ್ಲ, ಅವರು ನಕ್ಕ ಮೇಲೆ ಗೊತ್ತಾಯಿತು ನಾನು ಏನು ಮಾಡಿದ್ದೇನೆಂದು.

ಹೋದ ವಾರ ಮಂಡಿನೋವಿನ ಅಜ್ಜಿಯನ್ನು ಆಟೋದಲ್ಲಿ ಕರೆತಂದು ಇದೇ ಕುರ್ಚಿಯಲ್ಲಿ ಕೂರಿಸಿದ್ದೆವು, ಪರದೆಯ ಮೇಲೆ ತಾನೇ ಓಡುವುದನ್ನು ಕಂಡು ಸೆರಗು ಬಾಯಿಗಿಟ್ಟು ನಕ್ಕಳು, ಇದು ನಾನಾ, ನನ್ ಮಂಡೀಗೆ ಇಷ್ಟೊಂದು ಸಕ್ತಿ ಬಂದ್ಬುಡ್ತಾ ಮಗಾ, ಎಗರೇ, ಎಗರೇ ಮುದ್ಕಿ! ಆಮೇಲೆ ಅಣ್ಣ ತಿರುಗಿಸಿದ್ದನ್ನು ಹಾಕಿದ. ನಗು ನಿಂತಿತು. ಅಯ್ಯೋ, ಇವ್ಳ್ಯಾಕ್ಲಾ ಅಪ್ರದಕ್ಷಿಣೆ ಓಯ್ತಾವ್ಳೆ, ಇವ್ಳು ನಾನಲ್ಲ ಕಣ್ಲಾ, ತೆಗೀಲಾ ಅದ್ನ. ಫಾರಿನ್‌ನೋರಿಗೆ ಅದೆಲ್ಲ ಏನ್ ತಿಳಿಯುತ್ತಜ್ಜಿ ಅಂದ ಅಣ್ಣ, ಅವಳು ಮುಖ ಆ ಕಡೆ ಮಾಡಿಕೊಂಡು ನೀರು ಕೇಳಿದಳು.

ಅಕ್ಷರ ಬಂತು, ಅಗೋ ಬಂತು, ಸಾಲು ಸಾಲಾಗಿ, ಇಂಗ್ಲಿಷನ್ನು ತಡವರಿಸುತ್ತ ಓದುತ್ತೇನೆ — ಎಡಕ್ಕೆ ಓಡಲು ಮೊದಮೊದಲು ನನ್ನ ಬೆರಳು ಒಪ್ಪಲಿಲ್ಲ, ಇದು ತಪ್ಪೆಂದೇ ಬರೆಯಲಿದ್ದೆ — ಅಣ್ಣನ ಕೈ ಮೌಸಿನ ಮೇಲೆ, ತಾಳಣ್ಣ, ಇನ್ನೂ ಇದೆ — ಕೆಲವು ಸುತ್ತುಗಳಾದ ಮೇಲೆ ಅನ್ನಿಸಿತು, ಈ ಮುದುಕಿ ದಾರಿ ತಪ್ಪಿದವಳಲ್ಲ, ಯಾವುದನ್ನೋ ಸುತ್ತಿ ಬರುತ್ತಿದ್ದಾಳೆ, ಅದೇನೆಂದು ನನಗೆ ಗೊತ್ತಿಲ್ಲ, ಅವಳನ್ನು ಬಲಕ್ಕೆ ತಿರುಗಿಸು ಎನ್ನುವ ಧೈರ್ಯವೂ ನನಗಿಲ್ಲ, ಇಷ್ಟು ವೇಗದ ಆಟದಲ್ಲಿ ಇಂಥ ಮೌನ ನಾನು ಕಂಡಿಲ್ಲ, ಮುಗಿಸಿ ಎದ್ದಾಗ ನನ್ನ ಬೂಟುಗಳು ಕಾಲಲ್ಲಿರಲಿಲ್ಲ, ಮೇಜಿನಡಿ ಜೊತೆಯಾಗಿ ಇದ್ದವು, ಯಾವಾಗ ಬಿಚ್ಚಿದೆನೋ ನೆನಪಿಲ್ಲ.

ಬೂಟು. ಆಟದಲ್ಲಿ ಎಲ್ಲೂ ಚಪ್ಪಲಿ ಬರೆದಿಲ್ಲ ನಾನು, ಬಾಗಿಲಲ್ಲಿ ಬಿಡುವುದನ್ನೂ ತೋರಿಸಿಲ್ಲ, ಗುಡಿಯ ಹೆಸರಿಲ್ಲ, ಕೊರವಂಗಲ ಎಲ್ಲಿದೆಯೆಂದು ಕನಸಿನಲ್ಲೂ ಅರಿಯದ ಮನುಷ್ಯ, ಯಾವ ಚಳಿಯ ದೇಶದಲ್ಲೋ ಕೂತವನು — ಯಾರು ಹೇಳಿದರು ಅವನಿಗೆ, ಹೇಗೆ ತಿಳಿಯಿತು, ಅಣ್ಣ ಓದಿಕೊಂಡ, ಮತ್ತೊಮ್ಮೆ ಓದಿಕೊಂಡ, ತಿರುಗಿಸಿದ್ದನ್ನು ಅಳಿಸಿದ, ಆಮೇಲೆ ಬಗ್ಗಿ ಮೇಜಿನಡಿ ತನ್ನ ಕಾಲನ್ನೇ ನೋಡಿಕೊಂಡ. ಅಜ್ಜಿಗೆ ಫೋನ್ ಮಾಡೇ ಅಂದ. ಮಾಡುತ್ತೇನೆ, ಇರು, ಏನೆಂದು ಹೇಳಲಿ, ದೂರದ ಒಬ್ಬ ನಿನ್ನ ಹಿಂದೆ ಬರಿಗಾಲಲ್ಲಿ ಬಂದ ಅನ್ನಲೇ, ಪರದೆಯ ಮೂಲೆಯಲ್ಲಿ ಆಟ ತಡೆದು ನಿಂತಿದೆ, ಎರಡು ನೆರಳುಗಳ ನಡುವೆ ಅವಳು, ಎತ್ತಿದ ಪಾದ, ಕೆಂಪು ಹಿಮ್ಮಡಿ, ಕೆಳಗೆ ಕಾದ ಕಲ್ಲು, ಎತ್ತಿದ ಪಾದ —