ಮೊಳೆ ಇರುವ ಕುರ್ಚಿಗಳು

"ಎದ್ದೇಳೇ ಮುದುಕಿ! ಅದು ವಿಮಾನಕ್ಕೆ ಹೋಗೋ ಮಾಲು, ನಿನ್ನ ಕುಂಡೆಗಲ್ಲ!"

ಮೇಸ್ತ್ರಿ ಬೂಟುಗಾಲಲ್ಲಿ ಕುರ್ಚಿಯನ್ನು ಒದ್ದ. ನನ್ನ ಅತ್ತೆ ಕುರ್ಚಿಯ ಸಮೇತ ಮರದ ಪುಡಿಯ ಮೇಲೆ ಉರುಳಿದಳು. ಅಷ್ಟಕ್ಕೇ ಬಿಡಲಿಲ್ಲ. ಅದೇ ಕುರ್ಚಿಯನ್ನು ಅವಳ ತಲೆಯ ಮೇಲೆ ಹೊರಿಸಿ ಅಂಗಳದ ಸುತ್ತ ನಡೆಸಿದ.

"ಎಲ್ರೂ ನೋಡ್ಕೊಳ್ರೇ. ಕೂರೋ ಚಪಲ ಇರೋರಿಗೆ ಇದೇ ಗತಿ."

ಅತ್ತೆ ನನ್ನ ಮುಂದೆ ಹಾದುಹೋಗುವಾಗ ಕಣ್ಣು ಹೊಡೆದಳು. "ನೋಡೇ, ರಾಣಿ ಮೇಲೆ ಸಿಂಹಾಸನ ಕೂತಿದೆ."

ಆ ಕುರ್ಚಿ ಎಳೆದು ತಂದದ್ದು ನನಗಾಗಿ. ನಾನು ಏಳು ತಿಂಗಳ ಬಸುರಿ. ಕುಕ್ಕರಗಾಲಲ್ಲಿ ಕೂತರೆ ಸೊಂಟದಿಂದ ಕೆಳಗೆ ಮೈ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಗಟ್ಟಿಯಾಗಿದೆಯಾ ನೋಡೋಣ ಅಂತ ಅತ್ತೆ ಮೊದಲು ತಾನು ಕೂತಳು, ಅಷ್ಟೊತ್ತಿಗೆ ಇವನು ಬಂದ.

ಊರೆಲ್ಲ ಬಿಸಾಡಿದ ಮರ ನಮ್ಮ ಅಂಗಳಕ್ಕೆ ಬರುತ್ತದೆ. ಮುರಿದ ಬಾಗಿಲು, ಮಂಚ, ಪ್ಯಾಕಿಂಗ್ ಪೆಟ್ಟಿಗೆ, ಯಾವುದೋ ಆಫೀಸಿನ ಕುರ್ಚಿಗಳು. ಹಿಂಬದಿ ಸೀಳಿದ ಸುತ್ತಿಗೆ ಹಿಡಿದು ನಾವು ಹೆಂಗಸರು ಮೊಳೆ ಕೀಳುತ್ತೇವೆ. ಮರವನ್ನು ಯಂತ್ರ ಅಗಿದು ಚೂರು ಮಾಡುತ್ತದೆ, ಆಚೆ ಶೆಡ್ಡಿನಲ್ಲಿ ಅದನ್ನು ಬೇಯಿಸಿ, ಆವಿ ಮಾಡಿ, ಎಣ್ಣೆ ಇಳಿಸುತ್ತಾರೆ. ಆ ಎಣ್ಣೆಯಲ್ಲಿ ವಿಮಾನ ಹಾರುತ್ತದಂತೆ. ಅಗ್ಗದ ಎಣ್ಣೆ, ಇನ್ನು ಬಡವರೂ ಹಾರಬಹುದು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾರೆ.

"ಕೂರೋಕೇ ಬಿಡದ ಬೋಳಿಮಕ್ಕಳು ಹಾರೋಕೆ ಬಿಡ್ತಾರಂತೆ!" ಅಂದಳು ಗುಡುಗಕ್ಕ. ಅವಳು ಪಿಸುಗುಟ್ಟಿದರೂ ಗೇಟಿನವರೆಗೆ ಕೇಳುತ್ತದೆ, ಅದಕ್ಕೇ ಆ ಹೆಸರು.

ನಾನು ಮೇಸ್ತ್ರಿಯನ್ನೇ ಕೇಳಿದೆ. "ಒಂದು ಕುರ್ಚಿ ಕೊಡಿ ಸ್ವಾಮಿ. ಕೂತ್ರೂ ಕೈ ಅಷ್ಟೇ ಓಡುತ್ತೆ."

"ಬಸುರಾಗೋವಾಗ ನನ್ನ ಕೇಳಿದ್ಯಾ? ನಾಳೆ ನೀನು ಕುರ್ಚಿ ಮೇಲೆ ಕಂಡ್ರೆ ಅತ್ತೆ ಸೊಸೆ ಇಬ್ರೂ ಮನೆಗೆ. ನಿಮ್ಮ ಜಾಗಕ್ಕೆ ಗೇಟಲ್ಲಿ ಜನ ಕಾಯ್ತಿದಾರೆ."

ಮನೆಗೆ ಹೋದರೆ ಹೆರಿಗೆಯ ಹೊತ್ತಿಗೆ ಒಲೆ ಉರಿಯುವುದಿಲ್ಲ, ಅದು ಅವನಿಗೂ ಗೊತ್ತು.

ಮರುದಿನ ಕಾರ್ಖಾನೆಯ ಸಾಹೇಬರು ಅತಿಥಿಗಳನ್ನು ಕರೆತರುವವರಿದ್ದರು. ಸಾಹೇಬರು ತಮ್ಮ ಕೈಯಾರೆ ಒಂದು ಹಳೇ ಕುರ್ಚಿಯನ್ನು ಯಂತ್ರದ ಬಾಯಿಗೆ ಹಾಕಬೇಕು, ಅತಿಥಿಗಳು ಚಪ್ಪಾಳೆ ತಟ್ಟಬೇಕು. ಅದಕ್ಕಾಗಿ ಮೇಸ್ತ್ರಿ ಆಫೀಸಿನ ಕುರ್ಚಿಗಳಿಂದ ನಮ್ಮ ಕೈಲಿ ಮೊಳೆ ಕೀಳಿಸಿ, ಯಂತ್ರದ ಪಕ್ಕ ರಾಶಿ ಹಾಕಿಸಿದ.

"ಒಂದು ಮೊಳೆ ಉಳಿದಿದ್ರೂ ಚರ್ಮ ಸುಲೀತೀನಿ," ಅಂದ. ಹಿಂದೊಮ್ಮೆ ಮೊಳೆ ಸಿಕ್ಕಿ ಯಂತ್ರದ ಹಲ್ಲು ಮುರಿದು, ಎಲ್ಲರೆದುರು ಸಾಹೇಬರ ಕೈಲಿ ಉಗಿಸಿಕೊಂಡಿದ್ದ. ಆವತ್ತಿನಿಂದ ಯಮನಿಗಿಂತ ಮೊಳೆಗೇ ಹೆಚ್ಚು ಹೆದರುತ್ತಿದ್ದ.

ಅತ್ತೆ, ಕಿತ್ತ ಮೊಳೆಗಳ ಬಕೆಟ್ಟನ್ನೇ ನೋಡುತ್ತಾ ಕೂತಳು. ಆಮೇಲೆ ತನ್ನಷ್ಟಕ್ಕೇ ನಗತೊಡಗಿದಳು.

ಮರುದಿನ ಮೇಸ್ತ್ರಿ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಅತಿಥಿಗಳನ್ನು ಎದುರುಗೊಳ್ಳಲು ಗೇಟಿಗೆ ಹೋದದ್ದೇ ತಡ, ಅತ್ತೆ ಎದ್ದಳು.

"ಸುತ್ತಿಗೆ ತಿರುಗಿಸಿ ಹಿಡೀರೇ. ಇಷ್ಟು ದಿನ ಕಿತ್ತಿದ್ದಾಯ್ತು, ಹೊಡೆಯೋಕೆ ಬರುತ್ತಾ ನೋಡೋಣ."

ಸೊಟ್ಟ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿದೆವು. ರಾಶಿಯ ಪ್ರತಿ ಕುರ್ಚಿಗೂ ಮತ್ತೆ ಹೊಡೆದೆವು, ಕಾಲಿಗೊಂದು, ಬೆನ್ನಿಗೊಂದು, ಕೂರುವ ಹಲಗೆಗೆ ನಾಲ್ಕು. ಗುಡುಗಕ್ಕ ಹೆಬ್ಬೆರಳಿಗೇ ಹೊಡೆದುಕೊಂಡು ಮೇಸ್ತ್ರಿಯ ವಂಶವನ್ನೆಲ್ಲ ಬಯ್ದಳು. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು. "ಲೇ, ಇಲ್ಲೇ ಹೆತ್ತುಬಿಟ್ಟೀಯ," ಅಂದಳು ಅತ್ತೆ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ. ಅಲ್ಲಾಡುತ್ತಿದ್ದ ಕಾಲುಗಳೂ ಗಟ್ಟಿಯಾದವು.

ಅತಿಥಿಗಳು ಒಳಗೆ ಬಂದಾಗ ನಾವೆಲ್ಲ ಯಂತ್ರದ ಮುಂದೆ ಅದೇ ಕುರ್ಚಿಗಳ ಮೇಲೆ ಕೂತಿದ್ದೆವು. ತೊಡೆಯ ಮೇಲೆ ಹಲಗೆ, ಕೈಯಲ್ಲಿ ಸುತ್ತಿಗೆ. ಕೆಲಸ ನಡೆಯುತ್ತಲೇ ಇತ್ತು.

ಮೇಸ್ತ್ರಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ. "ಏಳ್ರೇ ಮುಂಡೇವಾ. ಸಾಹೇಬ್ರಿಗೆ ಕುರ್ಚಿ ಕೊಡಿ."

"ತಗೊಳ್ಳಿ," ಅಂದಳು ಅತ್ತೆ, ಏಳದೆ. "ಆದ್ರೆ ಮೊಳೆ ಇದಾವೆ."

"ಯಾವ ಮೊಳೆ? ನಿನ್ನೆ ಕಿತ್ತಿದ್ರಲ್ಲ!"

"ಕಿತ್ತಿದ್ವಿ. ಈಗ ಇದಾವೆ."

ಅವನು ಬಗ್ಗಿ ನೋಡಿದ. ಕುರ್ಚಿಯ ಕಾಲಿಂದ ಕಾಲಿಗೆ ಅವನ ಕಣ್ಣು ಓಡಿತು. ಎಲ್ಲ ಕಡೆ ಮೊಳೆಯ ತಲೆಗಳು ಮಿಣಮಿಣ.

"ಕೀಳ್ರೇ ಹಾಗಾದ್ರೆ! ಬೇಗ!"

"ಕೀಳ್ತೀವಿ ಸ್ವಾಮಿ. ಈ ಹಲಗೆ ರಾಶಿ ಮುಗೀಲಿ, ಆಮೇಲೆ ಕೂತಿರೋ ಕುರ್ಚಿ." ಅತ್ತೆ ಹಿಂದಿನ ರಾಶಿಯತ್ತ ಕೈ ತೋರಿಸಿದಳು. ಅದು ಶೆಡ್ಡಿನ ಮಾಡಿನಷ್ಟು ಎತ್ತರವಿತ್ತು, ಗೇಟಿನಲ್ಲಿ ಇನ್ನೊಂದು ಲಾರಿ ಹಾರ್ನ್ ಹೊಡೆಯುತ್ತಿತ್ತು.

"ಏನ್ರೀ ಮೇಸ್ತ್ರಿ, ಕುರ್ಚಿ ಎಲ್ಲಿ?" ಸಾಹೇಬರು ಬಿಳೀ ಗ್ಲೌಸ್ ಹಾಕಿದ ಎರಡೂ ಕೈ ಚಾಚಿಕೊಂಡೇ ನಿಂತಿದ್ದರು. ಅತಿಥಿಗಳು ಫೋನು ಎತ್ತಿ ಹಿಡಿದಿದ್ದರು. ಖಾಲಿ ಯಂತ್ರ ಗುಂಯ್‌ಗುಡುತ್ತಿತ್ತು.

ಮೇಸ್ತ್ರಿ ನನ್ನತ್ತ ತಿರುಗಿದ. ಬಸುರಿ, ಹೆದರುತ್ತಾಳೆ ಅಂದುಕೊಂಡಿರಬೇಕು.

"ನೀನು ಏಳು."

ಹೊಟ್ಟೆಯೊಳಗೆ ಮಗು ಒದೆಯಿತು. ನಾನು ಬಕೆಟ್ಟಿಗೆ ಕೈ ಹಾಕಿ, ಉದ್ದನೆಯದೊಂದು ಮೊಳೆ ಆರಿಸಿ, ಸುತ್ತಿಗೆ ತಿರುಗಿಸಿ, ಕೂತಲ್ಲಿಂದಲೇ ಬಗ್ಗಿ ಕುರ್ಚಿಯ ಕಾಲಿಗೆ ಹೊಡೆಯತೊಡಗಿದೆ.