ಒಂದು ಕಂಬ ಬಿರುಸು, ಮೂರು ಕಂಬ ನಿಧಾನ

ವ್ಯಾಸರಾಯರಿಗೆ ಬೇಕಾಗಿದ್ದುದು ಒಂದೇ. ಹೆಂಡತಿ ರುಕ್ಮಿಣಮ್ಮನ ವರ್ಷಾಬ್ದಿಕವನ್ನು ತಾವೇ ಕೈಯಾರೆ ಮಾಡಬೇಕು. ಗಂಡುಮಕ್ಕಳಿಲ್ಲದ ಮನೆ, ಕರ್ತೃ ಗಂಡನೇ. ಆದರೆ ಶ್ರಾದ್ಧ ಮಾಡುವವನು ಪಿಂಡ ಇಟ್ಟು, ಬ್ರಾಹ್ಮಣರ ಊಟ ಮುಗಿಯುವ ತನಕ ಏನೂ ತಿನ್ನುವಂತಿಲ್ಲ. ಸಕ್ಕರೆ ಕಾಯಿಲೆಗೆ ಅವರು ನುಂಗುವ ಮಾತ್ರೆಯ ಮೇಲೆ ಅಷ್ಟು ಹೊತ್ತು ಹಸಿದಿರಕೂಡದೆಂದು ಡಾಕ್ಟರ್ ಜಯಪ್ರಿಯಾ ಖಂಡಿತವಾಗಿ ಹೇಳಿದ್ದರು. ಹಾಗಾಗಿ ತಿಂಗಳು ತಿಂಗಳ ಮಾಸಿಕಗಳನ್ನೆಲ್ಲ ತಮ್ಮನ ಮಗ ವಾದೀಶನೇ ಅವರ ಪರವಾಗಿ ದರ್ಭೆ ಹಿಡಿದು ನಡೆಸಿದ್ದ. ವ್ಯಾಸರಾಯರು ಅವಲಕ್ಕಿ ತಿಂದು ಕುರ್ಚಿಯಲ್ಲಿ ಕುಳಿತು ನೋಡಿದ್ದರು. ಆ ಅವಲಕ್ಕಿ ಅವರ ಗಂಟಲಿನಿಂದ ಇನ್ನೂ ಇಳಿದಿರಲಿಲ್ಲ.

"ಮಾತ್ರೆ ಕಡಿಮೆ ಮಾಡೋಕೆ ದಾರಿಯೇ ಇಲ್ಲವೇನಮ್ಮ?" ಎಂದು ಅವರು ಕೇಳಿದಾಗ ಡಾಕ್ಟರು ಎದೆಯ ಪರೀಕ್ಷೆ ಮಾಡಿಸಿ, ಹೃದಯ ಗಟ್ಟಿಯಿದೆಯೆಂದು ಖಾತ್ರಿಯಾದ ಮೇಲೆ ಒಂದು ನಡಿಗೆ ಹೇಳಿಕೊಟ್ಟರು. ಒಂದು ದೀಪದ ಕಂಬದಿಂದ ಮುಂದಿನದರ ತನಕ ಬಿರುಸಾಗಿ ನಡೆಯಬೇಕು. ಆಮೇಲೆ ಮೂರು ಕಂಬ ನಿಧಾನ. ಮತ್ತೆ ಬಿರುಸು. ಬಿರುಸಿನಲ್ಲಿ ಮಾತು ಹೊರಡಬಾರದು, ನಿಧಾನದಲ್ಲಿ ಹೊರಡಬೇಕು.

ಕೊಯಮತ್ತೂರಿನ ರೇಸ್‌ಕೋರ್ಸ್ ರಸ್ತೆಯಲ್ಲಿ ಅವರು ದಿನವೂ ಹಾಗೆಯೇ ನಡೆದರು. ನಿಧಾನದ ಕಂಬಗಳಲ್ಲಿ ವಿಷ್ಣುಸಹಸ್ರನಾಮ ಸರಾಗವಾಗಿ ಬರುತ್ತಿತ್ತು. ಬಿರುಸಿನ ಕಂಬದಲ್ಲಿ ನಾಮ ಅರ್ಧಕ್ಕೇ ಮುರಿಯುತ್ತಿತ್ತು. ಅದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಳ್ಳುತ್ತಿದ್ದರು. ಅವರೊಡನೆ ಪಂಪಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ದೀನದಯಾಳನ್ ಬೆಂಚಿನ ಮೇಲೆ ಕುಳಿತು ತಮಾಷೆ ನೋಡುತ್ತಿದ್ದ.

"ಏನ್ ಸಾಮಿ, ಒಂದ್ ಸಲ ಪೊಲೀಸ್ ಅಟ್ಟಿಸಿಕೊಂಡು ಬಂದ ಹಾಗೆ, ಒಂದ್ ಸಲ ಮದುವೆ ಮಾಪಿಳ್ಳೆ ಮೆರವಣಿಗೆ ಹಾಗೆ! ಯಾವುದಾದರೂ ಒಂದು ಮಾಡಿ!"

"ನೀನೂ ಬಾರಯ್ಯ. ನಿನ್ನ ಹೊಟ್ಟೆಗೂ ಒಳ್ಳೇದು."

"ನನ್ನ ಹೊಟ್ಟೆ ನಿಮಗೇನ್ ಮಾಡ್ತು? ಅದರಷ್ಟಕ್ಕೆ ಅದು ಕೂತಿದೆ."

ವರ್ಷಾಬ್ದಿಕ ಹತ್ತಿರ ಬಂತು. ಅದಕ್ಕೆ ಮುಂಚಿನ ಏಕಾದಶಿಯಂದು, ಹಸಿದಿರಲು ತಮ್ಮಿಂದ ಆಗುತ್ತದೋ ಇಲ್ಲವೋ ಒಮ್ಮೆ ನೋಡಿಬಿಡೋಣವೆಂದು ವ್ಯಾಸರಾಯರು ನಿಶ್ಚಯಿಸಿದರು. ಮಗಳು ಗೋಪಿಕಾ ಇಟ್ಟಿದ್ದ ಹಾಲು ಹಣ್ಣನ್ನೂ ಮುಟ್ಟಲಿಲ್ಲ. ಮಾತ್ರೆಯನ್ನು ಮಾತ್ರ ನೀರಿನೊಡನೆ ನುಂಗಿದರು. ಔಷಧ ಆಹಾರವಲ್ಲ, ಅದರಿಂದ ವ್ರತ ಕೆಡುವುದಿಲ್ಲವೆಂದು ಹಿರಿಯರಿಂದ ಕೇಳಿದ್ದರು. ಆ ಮಾತ್ರೆಗೆ ಹೊಟ್ಟೆಯಲ್ಲಿ ಅನ್ನ ಬೇಕೆಂದ ಡಾಕ್ಟರ ಮಾತನ್ನು ಆ ಹೊತ್ತಿಗೆ ಬದಿಗಿಟ್ಟರು.

ಹಾಗೆಯೇ ನಡಿಗೆಗೆ ಹೊರಟರು. ಎರಡನೆಯ ಬಿರುಸಿನಲ್ಲೇ ಮೈ ಬೆವರಿತು. ಕೈ ನಡುಗಿತು. ಕಂಬ ಒಂದಿದ್ದದ್ದು ಎರಡಾಗಿ ಕಂಡಿತು. ಅದನ್ನು ತಬ್ಬಿಕೊಂಡು ಹಾಗೆಯೇ ಕುಸಿದರು.

ಓಡಿಬಂದ ದೀನದಯಾಳನ್ ಜೇಬಿನಿಂದ ಕಡಲೆಮಿಠಾಯಿ ತೆಗೆದ. ವ್ಯಾಸರಾಯರು ಹಲ್ಲು ಕಚ್ಚಿದರು. "ಇವತ್ತು... ಏಕಾದಶಿ."

"ಸಾಮಿ, ಈಗ ಇದೇ ಮರುಂದು, ಇದೇ ಔಷಧ, ಬಾಯಿ ತೆಗೀರಿ," ಎಂದು ಗದರಿಸಿದ. ಜಗಿಯುವ ತ್ರಾಣ ಅವರಲ್ಲಿಲ್ಲವೆಂದು ಕಂಡು ಪಕ್ಕದ ಅಂಗಡಿಯಿಂದ ಸಕ್ಕರೆ ನೀರು ತರಿಸಿ ಕುಡಿಸಿದ. ಅದು ಒಳಗೆ ಹೋದಂತೆ ಎರಡಾಗಿದ್ದ ಕಂಬ ಮತ್ತೆ ಒಂದಾಯಿತು. ವ್ಯಾಸರಾಯರಿಗೆ ಮಾತ್ರ ಎಲ್ಲ ಮುಗಿಯಿತೆನಿಸಿತು. ವ್ರತವೂ ಹೋಯಿತು, ಶ್ರಾದ್ಧವೂ ಹೋಯಿತು.

ಆಸ್ಪತ್ರೆಯಲ್ಲಿ ಗೋಪಿಕಾ ಸಿಡಿದಳು. "ಏನಪ್ಪಾ ನೀವು! ಬರೀ ವಯಿತ್ತಲಿ, ಖಾಲಿ ಹೊಟ್ಟೇಲಿ ಮಾತ್ರೆ ಹಾಕೊಂಡು ಓಡೋದಾ? ಅಮ್ಮನ್ನ ಕಳಕೊಂಡಿದ್ದು ಸಾಲದಾ ನಂಗೆ?"

ಡಾಕ್ಟರ್ ಜಯಪ್ರಿಯಾ ಬೈಯುತ್ತಲೇ ರಕ್ತದ ಫಲಿತಾಂಶ ನೋಡಿದವರು ಅದನ್ನು ಇನ್ನೊಮ್ಮೆ ಓದಿದರು.

"ಅಯ್ಯಾ, ನಿಮ್ಮ ನಡಿಗೆ ಕೆಲಸ ಮಾಡಿದೆ. ಮೂರು ತಿಂಗಳ ಸರಾಸರಿ ಚೆನ್ನಾಗಿ ಇಳಿದಿದೆ. ಹಳೇ ಮಾತ್ರೆ ಈಗ ನಿಮಗೆ ಜಾಸ್ತಿ. ಅದರ ಮೇಲೆ ಉಪವಾಸ, ಅದರ ಮೇಲೆ ಬಿರುಸು. ಬೀಳದೆ ಇನ್ನೇನು?" ಆ ಮಾತ್ರೆ ನಿಲ್ಲಿಸಿ, ಸಕ್ಕರೆಯನ್ನು ಅಷ್ಟು ಕೆಳಕ್ಕೆ ತಳ್ಳದ ಬೇರೊಂದನ್ನು ಬರೆದರು. ಶ್ರಾದ್ಧ ಮಾಡಬಹುದು; ಆ ದಿನ ನಡಿಗೆ ಇಲ್ಲ; ನಡುವೆ ಬೆರಳು ಚುಚ್ಚಿ ಸಕ್ಕರೆ ನೋಡಬೇಕು, ಇಳಿದರೆ ಅಲ್ಲೇ ನಿಲ್ಲಿಸಿ ಸಕ್ಕರೆ ನೀರು ಕುಡಿಯಬೇಕು. ವ್ಯಾಸರಾಯರು ಗುರುರಾಯರ ಮೇಲೆ ಆಣೆಯಿಟ್ಟು ಒಪ್ಪಿದರು.

ತೊಡಕು ಪುರೋಹಿತ ಆಚಾರ್ಯರಿಂದ ಬಂತು. ಕರ್ತೃವಿನ ಬೆರಳು ಚುಚ್ಚಿ ರಕ್ತ ಬಂದರೆ ಕರ್ಮ ಕೆಡುತ್ತದೆ; ಮಡಿಯಲ್ಲಿದ್ದವರನ್ನು ಮುಟ್ಟುವುದಂತೂ ಆಗದು. ಡಾಕ್ಟರು ನಕ್ಕು, ಹಿಂದಿನ ದಿನವೇ ತೋಳಿಗೆ ಸಣ್ಣ ಬಿಲ್ಲೆಯೊಂದನ್ನು ಅಂಟಿಸಿದರು. ಫೋನನ್ನು ಹತ್ತಿರ ಹಿಡಿದರೆ ಸಾಕು, ಮುಟ್ಟದೆಯೇ ಸಕ್ಕರೆ ತಿಳಿಯುತ್ತದೆ. ಆಚಾರ್ಯರು ಬಿಲ್ಲೆಯನ್ನು ಎರಡು ಸಲ ನೋಡಿ, "ಆಗಲಿ, ಇದರ ಮೇಲೇ ಸ್ನಾನ ಮಾಡಿ," ಎಂದರು.

ಶ್ರಾದ್ಧದ ದಿನ, ಮಧ್ಯಾಹ್ನ. ದರ್ಭೆ ಹಾಸಿತ್ತು. ಬದುಕಿದ್ದಾಗ ವ್ಯಾಸರಾಯರು ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. "ಏನೇ" ಎಂದರೆ ಅವಳು ಬರುತ್ತಿದ್ದಳು. ಈಗ ಗೋತ್ರದೊಡನೆ ಅವಳ ಹೆಸರನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳಿದರು. ಪಿಂಡ ಹಿಡಿದ ಕೈ ನಡುಗತೊಡಗಿತು.

ವಾದೀಶ ಎದ್ದು ನಿಂತ. ಗೋಪಿಕಾ ಫೋನು ಹಿಡಿದು ಧಾವಿಸಿ ಬಂದು ತೋಳಿನಿಂದ ಗೇಣು ದೂರದಲ್ಲಿ ನಿಂತಳು. ಇನ್ನಷ್ಟು ಹತ್ತಿರಕ್ಕೆ, ಸೋಕದಂತೆ, ಫೋನು ಚಾಚಿದಳು. ಆಣೆ ನೆನಪಿತ್ತು, ವ್ಯಾಸರಾಯರು ಪಿಂಡ ಕೆಳಗಿಡದೆ ಕಾದರು.

"ಸಕ್ಕರೆ ಸರಿಯಾಗೇ ಇದೆ, ಅಪ್ಪಾ."

"ಸರಿಯಾಗಿದೆಯಾ?"

"ಹ್ಞೂಂ ಅಪ್ಪಾ. ಇದು ಸಕ್ಕರೆ ಅಲ್ಲ."

ಕೈ ನಡುಗುತ್ತಲೇ ಇತ್ತು. ಅವರು ಅದನ್ನು ತಡೆಯಲು ಹೋಗಲಿಲ್ಲ. ಪಿಂಡವನ್ನು ದರ್ಭೆಯ ಮೇಲಿಟ್ಟು, ಎಳ್ಳುನೀರು ಬಿಟ್ಟರು.