ವಾದವೋ, ಮರುಕವೋ

ನಿಮ್ಮ ಊರಿನಲ್ಲಿ ಕಳೆದ ವರ್ಷ ಯಾವ ಯಾವ ಬಾಗಿಲುಗಳು ಸದ್ದಿಲ್ಲದೆ ಮುಚ್ಚಿಕೊಂಡವು ಎಂದು ಕೇಳಿದರೆ, ಓದುಗರೇ, ನಿಮ್ಮಲ್ಲಿ ಎಷ್ಟು ಮಂದಿ ತಲೆ ತಗ್ಗಿಸದೆ ಉತ್ತರ ಹೇಳಬಲ್ಲಿರಿ? ಮುಚ್ಚಿಸಿದವರು ದುಷ್ಟರಾಗಿದ್ದರೆ ಅವರನ್ನು ಬೈದು ಕೈ ತೊಳೆದುಕೊಳ್ಳಬಹುದಿತ್ತು. ಅವರು ದುಷ್ಟರಲ್ಲ, ಚೆನ್ನಾಗಿ ಓದಿದವರು. ಅವರಿಗೆ ಪಾಠ ಹೇಳಿದವರು ಯಾರು ಎಂಬ ಪ್ರಶ್ನೆ, ಹೊಸ ಶೈಕ್ಷಣಿಕ ವರ್ಷದ ಮೊದಲ ಬೆಳಿಗ್ಗೆ, ಸಾರ್ವಜನಿಕ ನೀತಿ ಶಾಲೆಯ ಹಿರಿಯ ಪ್ರಾಧ್ಯಾಪಕರ ಕೋಣೆಯೊಳಗೆ ಬಂದು ಅವರೆದುರಿನ ಕುರ್ಚಿಯಲ್ಲೇ ಕುಳಿತಿತ್ತು.

ಕುಳಿತವಳು ಅವರ ಹಳೆಯ ವಿದ್ಯಾರ್ಥಿನಿ. ಈಗ ನಗರದ ಆರೋಗ್ಯ ಇಲಾಖೆಯ ನಿರ್ದೇಶಕಿ. ಹೊಸಬರನ್ನು ಸ್ವಾಗತಿಸಲು ಶಾಲೆ ಆಕೆಯನ್ನು ಕರೆಸಿತ್ತು.

"ನೀವು ಹೀಗೆ ಸುಮ್ನೆ ನಿಂತ್ರೆ ನಂಗೆ ಈಗಲೂ ಪರೀಕ್ಷೆ ಭಯ ಆಗುತ್ತೆ ಸರ್," ಎಂದು ಆಕೆ ನಕ್ಕಳು.

"ಮಾತಿನ ಕೇಂದ್ರ," ಎಂದರು ಪ್ರಾಧ್ಯಾಪಕರು.

ಆಕೆಯ ನಗು ನಿಂತಿತು. "ನಿಮ್ಮ ಅಕ್ಕ ಅಲ್ಲಿಗೆ ಹೋಗ್ತಾರೆ ಅಂತ ನಿನ್ನೆಯಷ್ಟೇ ಗೊತ್ತಾಯ್ತು ಸರ್."

ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಕೇಂದ್ರ ಅದು. ಅದನ್ನು ಮುಚ್ಚುವ ಕಡತ ಈಗ ನಿರ್ದೇಶಕಿಯ ಮೇಜಿನ ಮೇಲಿತ್ತು. ತಾಯಿಯಿಲ್ಲದ ಪ್ರಾಧ್ಯಾಪಕರನ್ನು ಸಾಕಿ, ಕಿವಿ ಹಿಂಡಿ ಅಕ್ಷರ ಕಲಿಸಿದ ಅಕ್ಕನಿಗೆ ರೋಗ ಒಂದೇ ಒಂದು ಪದವನ್ನು ಉಳಿಸಿ ಹೋಗಿತ್ತು: ಕತ್ತೆ. ವೈದ್ಯರು ಕತ್ತೆ, ಕಿಟಕಿ ಕತ್ತೆ, ಚಹಾ ಕತ್ತೆ. ತಮ್ಮನನ್ನು ಆಕೆ ಮೊದಲಿನಿಂದಲೂ ಹಾಗೆಯೇ ಕರೆಯುತ್ತಿದ್ದುದರಿಂದ, ಆಸ್ಪತ್ರೆಯ ಮೊದಲ ದಿನ ಅವರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಕೇಂದ್ರಕ್ಕೆ ಹೋಗತೊಡಗಿದ ಮೇಲೆ ಬಾಚಣಿಗೆ, ಬೀಗ, ನೀರು ಎಂಬ ಪದಗಳು ಒಂದೊಂದಾಗಿ, ದಾರಿ ತಪ್ಪಿ ಮನೆ ಸೇರಿದ ಬೆಕ್ಕುಗಳಂತೆ, ಮರಳಿದ್ದವು.

"ಅಲ್ಲಿಂದ ಯಾರೂ ಗುಣವಾಗಿ ಹೊರಗೆ ಹೋಗೋದೇ ಇಲ್ಲ ಸರ್," ಎಂದಳು ನಿರ್ದೇಶಕಿ. "ಅದೇ ಕಟ್ಟಡದಲ್ಲಿ ಕಣ್ಣಿನ ಪೊರೆ ತೆಗೆಯೋಕೆ ಶುರು ಮಾಡಿದ್ರೆ, ಬೆಳಿಗ್ಗೆ ತಡಕಾಡ್ಕೊಂಡು ಬಂದವರು ಸಂಜೆ ಮೊಮ್ಮಕ್ಕಳ ಮುಖ ನೋಡ್ತಾರೆ. ಎರಡಕ್ಕೂ ಜಾಗ ಇಲ್ಲ, ದುಡ್ಡೂ ಇಲ್ಲ. ಅಳೆಯೋಕಾಗೋದನ್ನ ಆರಿಸು ಅಂತ ಕಲಿಸಿದ್ದು ನೀವೇ. ನಿಮ್ಮ ಅಕ್ಕ ಅನ್ನೋ ಕಾರಣಕ್ಕೆ ಉಳಿಸಿದ್ರೆ ನೀವೇ ನನ್ನ ಫೇಲ್ ಮಾಡ್ತಿದ್ರಿ. ಅಲ್ವಾ?"

"ಮಾಡ್ತಿದ್ದೆ," ಎಂದು ಒಪ್ಪಿಕೊಳ್ಳದೆ ಅವರಿಗೆ ಗತಿಯಿರಲಿಲ್ಲ.

ಆಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಒಂದು ಕೆಲಸ ಮಾಡೋಣ ಸರ್. ಇವತ್ತಿನ ಮೊದಲ ಪಾಠಕ್ಕೆ ಇದನ್ನೇ ಇಟ್ಕೊಳ್ಳಿ. ಅಕ್ಕನ ವಿಷಯ ಬೇಡ. ನಾನು ಹಿಂದೆ ಕೂತಿರ್ತೀನಿ. ಯಾರಾದ್ರೂ ಒಬ್ರು ಗಟ್ಟಿ ಕಾರಣ ಕೊಡ್ಲಿ, ಕಡತ ತಡೆಹಿಡೀತೀನಿ. ಇಲ್ದಿದ್ರೆ ಸಂಜೆ ಸಹಿ."

ಇದಕ್ಕಿಂತ ನ್ಯಾಯವಾದ ಮಾತನ್ನು ಯಾವ ಅಧಿಕಾರಿ ಆಡಬಲ್ಲರು? ಪ್ರಾಧ್ಯಾಪಕರು ವಾರಗಟ್ಟಲೆ ತಲೆ ಕೆಡಿಸಿಕೊಂಡರೂ ಆ ಗಟ್ಟಿ ಕಾರಣ ಅವರಿಗೆ ಸಿಕ್ಕಿರಲಿಲ್ಲ. ಕಲಿತದ್ದು ಅಡ್ಡ ಬರದ ಎಳೆಯ ಬುದ್ಧಿಗೆ ಅದು ಹೊಳೆಯಬಹುದೆಂಬ ಆಸೆಯಿಂದ ಅವರು ಮೆಟ್ಟಿಲಿಳಿದರು.

ತರಗತಿಯಲ್ಲಿ ಹೊಸ ಬಣ್ಣದ ವಾಸನೆಯಿತ್ತು. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹೊಸಬರು ನೆಟ್ಟಗೆ ಕುಳಿತಿದ್ದರು. ಪ್ರಾಧ್ಯಾಪಕರು ಹಲಗೆಯ ಮೇಲೆ ಒಂದು ಬದಿಗೆ 'ಮಾತು', ಇನ್ನೊಂದು ಬದಿಗೆ 'ಕಣ್ಣು' ಎಂದು ಬರೆದು, ಸಂಗತಿಯನ್ನು ವಿವರಿಸಿದರು.

"ಇದ್ರಲ್ಲಿ ಕೇಳೋದೇನಿದೆ ಸರ್? ಕಣ್ಣೇ," ಎಂದ ಮುಂದಿನ ಸಾಲಿನ ಎಂಜಿನಿಯರ್ ಹುಡುಗ. "ನಮ್ಮಲ್ಲೆಷ್ಟೋ ಜನ ಮಾತು ಕಮ್ಮಿ ಮಾಡಿದ್ರೆ ದೇಶಕ್ಕೇ ಒಳ್ಳೇದು!"

"ಮೊದ್ಲು ನಿನ್ನಿಂದ ಶುರುವಾಗ್ಲಿ," ಎಂದಿತು ಹಿಂದಿನಿಂದ ಒಂದು ದನಿ. ತರಗತಿ ನಕ್ಕಿತು.

ಆಗ, ಪತ್ರಿಕೆಯ ಕೆಲಸ ಬಿಟ್ಟು ಓದಲು ಬಂದಿದ್ದ ಮಹಿಳೆಯೊಬ್ಬರು ಎದ್ದು ನಿಂತರು. ವಯಸ್ಸಿನಲ್ಲಿ ಉಳಿದವರಿಗಿಂತ ದೊಡ್ಡವರು. "ಗುಣ ಆದವರನ್ನ ಮಾತ್ರ ಯಾಕೆ ಎಣಿಸ್ಬೇಕು ಸರ್? ನಮ್ಮ ತಾತನಿಗೂ ಹೀಗೇ ಆಗಿತ್ತು. ಪೂರ್ತಿ ಮಾತು ಬರ್ಲೇ ಇಲ್ಲ. ಆದ್ರೆ ಒಂದು ಪದ ಬಂದ ದಿನ ನಮ್ಮ ಮನೆ..." ಎಂದು ಅವರು ಮುಂದಿನ ಮಾತಿಗಾಗಿ ತಡವರಿಸಿದರು.

ಹಿಂದಿನ ಸಾಲಿನಲ್ಲಿ ನಿರ್ದೇಶಕಿ ಮೊಬೈಲನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದಳು. ಹೇಳಿ ತಾಯಿ, ಹೇಳಿಬಿಡಿ ಎಂದು ಪ್ರಾಧ್ಯಾಪಕರ ಮನಸ್ಸು ಕೂಗುತ್ತಿತ್ತು. ಅಷ್ಟರಲ್ಲಿ ಅವರ ಬಾಯಿ, ಇಷ್ಟು ವರ್ಷಗಳ ಮೊದಲ ತರಗತಿಗಳಲ್ಲಿ ಆಡಿ ಆಡಿ ಪಳಗಿದ ಬಾಯಿ, ಒಡೆಯನನ್ನು ಕೇಳದೆ ತಾನೇ ತೆರೆದುಕೊಂಡಿತು.

"ಇದು ವಾದವೋ, ಮರುಕವೋ?"

ತರಗತಿ ಹೋ ಎಂದು ಚಪ್ಪಾಳೆ ತಟ್ಟಿತು. ಶಾಲೆಯಲ್ಲಿ ಹೆಸರುವಾಸಿಯಾದ ಈ ಪ್ರಶ್ನೆಯ ಬಗ್ಗೆ ಹಿರಿಯ ವಿದ್ಯಾರ್ಥಿಗಳು ಮೊದಲೇ ಹೇಳಿದ್ದರು. ಅದು ಯಾರ ತಲೆಯ ಮೇಲೆ ಬೀಳುವುದೋ ಎಂದು ಎಲ್ಲರೂ ಕಾದಿದ್ದರು. ಆ ಮಹಿಳೆಯ ಮುಖ ಕೆಂಪಾಯಿತು.

"ಮರುಕ ಇರ್ಬೇಕು ಸರ್," ಎಂದು ಕುಳಿತುಬಿಟ್ಟರು.

"ಇಲ್ಲ, ಇಲ್ಲ, ಮುಂದುವರಿಸಿ. ನಿಮ್ಮ ಮನೆಯಲ್ಲಿ ಆ ದಿನ..."

"ಬೇಡ ಸರ್. ನನ್ನ ತಪ್ಪು ನಂಗೆ ಅರ್ಥ ಆಯ್ತು," ಎಂದು ಅವರು ವಿನಯದಿಂದ ನಕ್ಕು, ತಲೆ ತಗ್ಗಿಸಿ ಏನೋ ಬರೆದುಕೊಂಡರು. ಬಳಿಕ ಯಾರೂ ಎದ್ದು ನಿಲ್ಲಲಿಲ್ಲ. ಕಣ್ಣಿನ ಪರ ಇರುವವರು ಕೈ ಎತ್ತಿ ಎಂದಾಗ ಆ ಮಹಿಳೆಯೂ ಕೈ ಎತ್ತಿದರು.

ಹಜಾರದಲ್ಲಿ ನಿರ್ದೇಶಕಿ ಪ್ರಾಧ್ಯಾಪಕರನ್ನು ಸೇರಿಕೊಂಡಳು. ಆಕೆಯ ಕಣ್ಣು ತೇವವಾಗಿತ್ತು. "ಅವ್ರು ಮಾತು ಮುಗಿಸ್ಲಿ ಅಂತ ಕಾಯ್ತಿದ್ದೆ ಸರ್. ನೀವೇ ಯಾಕೆ..."

"ಗೊತ್ತಿಲ್ಲಮ್ಮಾ," ಎಂದರು ಅವರು. ನಿರ್ದೇಶಕಿ ಕಡತಕ್ಕೆ ಸಹಿ ಹಾಕಲು ಕಚೇರಿಗೆ ಹೊರಟಳು.

ಸಂಜೆ ಅವರು ಅಕ್ಕನನ್ನು ಕರೆದೊಯ್ಯಲು ಕೇಂದ್ರಕ್ಕೆ ಹೋದಾಗ ಮಾತಿನ ಟೀಚರು ಬಾಗಿಲಲ್ಲೇ ಹಿಡಿದುಕೊಂಡರು. ಕೇಂದ್ರ ಮುಚ್ಚುವ ಸುದ್ದಿ ಟೀಚರಿಗೆ ಇನ್ನೂ ತಿಳಿದಿರಲಿಲ್ಲ.

"ಬನ್ನಿ ಬನ್ನಿ, ನಿಮ್ಮ ಮೇಲೆ ದೂರಿದೆ! ಹೇಳಿ ಅಕ್ಕಾ."

ದೊಡ್ಡ ಕನ್ನಡಿಯ ಮುಂದೆ ಕುಳಿತಿದ್ದ ಅಕ್ಕ ತಮ್ಮನತ್ತ ತಿರುಗಿ, ಸೊಟ್ಟ ತುಟಿಗಳನ್ನು ಪ್ರಯಾಸದಿಂದ ಒತ್ತಿ, ಬಿಟ್ಟಳು. "ಉ... ಉಪ್ಪು."

"ನಿಮ್ಮ ಅಡುಗೆಗೆ ಉಪ್ಪೇ ಇರಲ್ಲವಂತೆ!" ಟೀಚರು ನಗು ತಡೆಯಲಾರದೆ ಹೇಳಿದರು. "ಇಷ್ಟು ದಿನ ತಟ್ಟೆ ತಳ್ಳಿ ಕತ್ತೆ ಅಂತಿದ್ದಿದ್ದು ಅದಕ್ಕೇ. ನೀವು ಊಟ ಸೇರ್ತಿಲ್ಲ ಅಂದ್ಕೊಂಡ್ರಿ."

"ಉಪ್ಪು," ಎಂದಳು ಅಕ್ಕ, ಈ ಸಲ ಗದರಿಸುವ ದನಿಯಲ್ಲಿ. ಪ್ರಾಧ್ಯಾಪಕರ ಬಾಲ್ಯವೆಲ್ಲ ಆ ದನಿಯಲ್ಲಿತ್ತು.

"ವಸ್ತುಗಳ ಹೆಸರು ಸಾಕಷ್ಟಾಯ್ತು. ಮುಂದಿನ ತಿಂಗಳು ಬಾ, ಹೋಗು, ಕೊಡು ಶುರು ಮಾಡೋಣ. ಆಗ್ಬಹುದಲ್ವಾ?" ಎಂದು ಟೀಚರು ಕೇಳಿದರು.

"ಆಗ್ಲಿ," ಎಂದರು ಪ್ರಾಧ್ಯಾಪಕರು. ಅವರು ಬಗ್ಗಿ ಅಕ್ಕನ ಚಪ್ಪಲಿಯ ಪಟ್ಟಿ ಹಾಕತೊಡಗಿದರು. ಹಾಕಿದ ಮೇಲೂ ಬಹಳ ಹೊತ್ತು ತಲೆಯೆತ್ತಲಿಲ್ಲ. ಅಕ್ಕ ಕನ್ನಡಿಗೆ ತಿರುಗಿ, ತನಗೆ ತಾನೇ, ಮೆಲ್ಲಗೆ, ಇನ್ನೊಮ್ಮೆ ಹೇಳಿಕೊಂಡಳು.

ಆ ಕೋಣೆ ತಿಂಗಳ ಕೊನೆಯವರೆಗೆ ತೆರೆದಿರುತ್ತದೆ. ಕಲಿಯುವವರ ಎದುರು ಕುಳಿತು, ಅವಸರ ಮಾಡದೆ, ಪದ ಹೊರಬರುವ ತನಕ ಕಾಯುವವರು ಅಲ್ಲಿ ಎಷ್ಟಿದ್ದರೂ ಸಾಲದು. ನಿಮ್ಮ ಊರಿನಲ್ಲೂ ಅಂಥದೊಂದು ಕೋಣೆ ಇದ್ದೀತು. ದಯವಿಟ್ಟು ಈ ವಾರವೇ ಹೋಗಿ, ಒಂದು ಮಧ್ಯಾಹ್ನ ಕುಳಿತು ಬನ್ನಿ.